ಕಲಾವಿದರು ಬರಲಿ, ಆದರೆ ಅವರನ್ನು ಒಂಟಿಯಾಗಿ ಬಿಡಬಾರದು



ಉಡುಮಲೈ ಕಡೆಯ ಒಂದು ಊರಿನ ಅಜ್ಜಿಯ ವಿಷಯದಿಂದ ಶುರು ಮಾಡ್ತೀವಿ. ಊರಿನ ಹೆಸರು, ಅಜ್ಜಿಯ ಹೆಸರು ಎರಡೂ ಬೇಡ. ಮದುವೆ ಮನೆ, ಸೀರು ಕಾರ್ಯ ಎಲ್ಲಿದ್ದರೂ ಆ ಅಜ್ಜಿಯನ್ನ ಕರೀತಾರೆ. ಸೋಬಾನೆ ಪದ, ಬೀಸೋ ಕಲ್ಲಿನ ಪದ ಎಲ್ಲಾ ಬಾಯಲ್ಲೇ ಇದೆ. ಓದು ಬರಹ ಇಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ ಮಾಡೋ ಮೊಮ್ಮಗ ಒಂದು ಭಾನುವಾರ ಫೋನಲ್ಲಿ ಅಜ್ಜಿಯ ಹಾಡು ಹಿಡಿದು ಇನ್‌ಸ್ಟಾಗ್ರಾಂಗೆ ಹಾಕಿದ. ಮೊದಲ ದಿನ ನೆಂಟರಿಷ್ಟರೆಲ್ಲ ಲೈಕ್ ಹಾಕಿದ್ರು. ಎರಡನೇ ದಿನ ವಿಡಿಯೋ ಎಲ್ಲೆಲ್ಲೋ ಹೋಯ್ತು. ಮೂರನೇ ದಿನ ಮೊಮ್ಮಗನೇ ಅದನ್ನ ಅಳಿಸಿಹಾಕಿದ.

ಯಾಕೆ ಅಂದ್ರೆ ಕಾಮೆಂಟ್‌ಗಳು. ಒಂದು ಕಡೆಯಿಂದ "ತಮಿಳುನಾಡಲ್ಲಿ ಇದ್ಕೊಂಡು ಕನ್ನಡ ಹಾಡ್ತೀಯಾ, ಕರ್ನಾಟಕಕ್ಕೆ ಹೋಗು" ಅಂತ. ಇನ್ನೊಂದು ಕಡೆಯಿಂದ, ಅಂದ್ರೆ ಕರ್ನಾಟಕದ ಕಡೆಯಿಂದ, "ಇದು ಕನ್ನಡಾನಾ ತಮಿಳಾ? ಕನ್ನಡ ಕೆಡಿಸಬೇಡ ಅಜ್ಜಿ" ಅಂತ. ಇವರಿಬ್ಬರ ಮಧ್ಯೆ ಸಿನಿಮಾ ನಟರ ಫೋಟೋ ಹಾಕ್ಕೊಂಡ ಒಂದಷ್ಟು ಜನ ನುಗ್ಗಿ, ನಮ್ಮ ಹೀರೋ ದೊಡ್ಡವನು, ನಿಮ್ಮ ಹೀರೋ ಚಿಕ್ಕವನು ಅಂತ ತಾಯಿ ತಂಗಿ ಬೈಗುಳಕ್ಕೆ ಇಳಿದ್ರು. ಎಪ್ಪತ್ತು ದಾಟಿದ ಹೆಂಗಸು ಹಾಡಿದ ಸೋಬಾನೆಯ ಕೆಳಗೆ ಇಷ್ಟೆಲ್ಲ.

ಅಜ್ಜಿಗೆ ಓದೋಕೆ ಬರಲ್ಲವಾದ್ದರಿಂದ ಏನೂ ಗೊತ್ತಾಗಲಿಲ್ಲ. "ಯಾಕಪ್ಪಾ, ನನ್ನ ಪದ ಫೋನಲ್ಲಿ ಬರ್ತಿತ್ತಲ್ಲ, ಈಗ ಇಲ್ಲ?" ಅಂತ ಮಾತ್ರ ಕೇಳಿದ್ರಂತೆ. ಮೊಮ್ಮಗ ನಮಗೆ ಮೆಸೇಜ್ ಮಾಡಿ ಕೇಳಿದ: "ನಮ್ಮಂಥವರು ಇದಕ್ಕೆಲ್ಲ ಬರಬೇಕಾ ಅಣ್ಣಾ? ಸುಮ್ನೆ ಮನೇಲೇ ಹಾಡ್ಕೊಂಡು ಇರೋದು ವಾಸಿ ಅಲ್ವಾ?"

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅಂತಾನೇ ಈ ಬರಹ. ಕಲಾವಿದರು, ದೊಡ್ಡವರಿರಲಿ ಚಿಕ್ಕವರಿರಲಿ, ಅಭಿಮಾನಿಗಳ ಹೆಸರಲ್ಲಿ ನಡೆಯೋ ಈ ದಾಳಿಯ ನಡುವೆಯೂ ಸೋಶಿಯಲ್ ಮೀಡಿಯಾಕ್ಕೆ ಬರಬೇಕಾ? ಬರಬೇಕು ಅಂತ ನಾವು ಹೇಳ್ತೀವಿ. ಆದರೆ ಹಾಗೆ ಹೇಳಿ ಕೈ ತೊಳ್ಕೊಳ್ಳೋದಕ್ಕೆ ನಮಗೆ ಹಕ್ಕಿಲ್ಲ. ಯಾಕೆ ಅಂತ ಒಂದೊಂದಾಗಿ ನೋಡೋಣ.

ನಾವು ಮಧ್ಯದಲ್ಲಿ ಸಿಕ್ಕಿಬಿದ್ದ ಆ ವಾರಗಳು

2025ರ ಮೇ 24. ಚೆನ್ನೈನಲ್ಲಿ 'ಥಗ್ ಲೈಫ್' ಸಿನಿಮಾದ ಆಡಿಯೋ ಬಿಡುಗಡೆ. ವೇದಿಕೆ ಮೇಲಿದ್ದ ಕಮಲ್ ಹಾಸನ್ ಅವರು, ಅತಿಥಿಯಾಗಿ ಬಂದಿದ್ದ ಶಿವರಾಜ್‌ಕುಮಾರ್ ಅವರ ಮೇಲಿನ ಪ್ರೀತಿಯ ಮಾತಾಡ್ತಾ, ಕನ್ನಡ ತಮಿಳಿನಿಂದ ಹುಟ್ಟಿದ್ದು ಅನ್ನೋ ಅರ್ಥದ ಮಾತು ಹೇಳಿದ್ರು. ಆಮೇಲೆ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಕ್ಷಮೆ ಕೇಳದೆ ಬಿಡುಗಡೆ ಇಲ್ಲ ಅಂತ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಹೇಳಿತು. ಕ್ಷಮೆ ಕೇಳಿದರೆ ಏನಾಗುತ್ತೆ ಅಂತ ಕರ್ನಾಟಕ ಹೈಕೋರ್ಟ್ ಕೂಡ ಕೇಳಿತು. ಜೂನ್ 5ರಂದು ಸಿನಿಮಾ ಬೇರೆ ಕಡೆ ಬಂತು, ಕರ್ನಾಟಕದಲ್ಲಿ ಬರಲಿಲ್ಲ. ಜೂನ್ 17ರಂದು ಸುಪ್ರೀಂ ಕೋರ್ಟ್, ಸೆನ್ಸಾರ್ ಆದ ಸಿನಿಮಾವನ್ನ ಗುಂಪಿನ ಬೆದರಿಕೆಗೆ ಹೆದರಿ ತಡೆಯೋ ಹಾಗಿಲ್ಲ ಅಂತ ಹೇಳಿತು.

ಭಾಷೆಯ ಚರಿತ್ರೆ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ. ಕನ್ನಡ, ತಮಿಳು ಎರಡೂ ಒಂದೇ ದ್ರಾವಿಡ ಮೂಲದ ಕೊಂಬೆಗಳು, ಒಂದು ಇನ್ನೊಂದರ ಮಗಳಲ್ಲ. ಭಾಷಾ ವಿಜ್ಞಾನಿಗಳು ಹೇಳೋದು ಇದನ್ನೇ. ಈ ಮಾತನ್ನ ಎರಡು ಸಾಲಲ್ಲಿ ಮರ್ಯಾದೆಯಿಂದ ಹೇಳಬಹುದಿತ್ತು.

ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಯ ಕನ್ನಡದ ಹುಡುಗರು ಆ ವಾರಗಳಲ್ಲಿ ಏನನುಭವಿಸಿದ್ರು ಅಂತ ನಮಗೆ ನೆನಪಿದೆ. ಕೆಲಸದ ಜಾಗದಲ್ಲಿ ಪಕ್ಕದ ಸೀಟಿನವರು ಕಮಲ್ ಅಭಿಮಾನಿ. ಇದೇ ಊರಲ್ಲಿ, 2021ರ ವಿಧಾನಸಭಾ ಚುನಾವಣೆಯಲ್ಲಿ ಕೊಯಮತ್ತೂರು ದಕ್ಷಿಣದಿಂದ ನಿಂತು ಬರೀ 1,728 ಮತದಲ್ಲಿ ಸೋತವರು ಅವರು. ಅವರಿಗೆ ಓಟು ಹಾಕಿದ ಕನ್ನಡದ ಮನೆಗಳೂ ಇಲ್ಲಿವೆ. ಮನೆಯಲ್ಲಿ ಅಪ್ಪ ರಾಜ್‌ಕುಮಾರ್ ಹಾಡು ಕೇಳ್ತಾರೆ, ಮಗ ಕಮಲ್ ಸಿನಿಮಾಕ್ಕೆ ಹೋಗ್ತಾನೆ, ಇದು ನಮ್ಮಲ್ಲಿ ಯಾವತ್ತೂ ಜಗಳ ಆಗಿರಲಿಲ್ಲ. ಫೋನ್ ತೆಗೆದ್ರೆ ಮಾತ್ರ ಎರಡು ಸೈನ್ಯ ಎದುರುಬದುರು ನಿಂತ ಹಾಗಿತ್ತು. ಶಿವಣ್ಣ ವೇದಿಕೆಯಲ್ಲಿ ಚಪ್ಪಾಳೆ ಹೊಡೆದ್ರು ಅಂತ ಕನ್ನಡದವರೇ ಶಿವಣ್ಣನನ್ನ ಬೈದ್ರು. ಆ ತುಣುಕು ತೋರಿಸಿರೋ ರೀತಿ ಸರಿಯಿಲ್ಲ ಅಂತ ಅವರೇ ವಿವರಿಸಬೇಕಾಯ್ತು. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಆಗಷ್ಟೇ ಚೇತರಿಸಿಕೊಂಡಿದ್ದ ಮನುಷ್ಯ ಅವರು. ಅತಿಥಿಯಾಗಿ ಹೋಗಿ ಕೂತಿದ್ದಕ್ಕೆ ಈ ಉಡುಗೊರೆ.

ಇದೆಲ್ಲ ನೋಡಿದ ಮೇಲೆ, "ನಂಗೆ ಬೇಡಪ್ಪಾ ಈ ಸಹವಾಸ" ಅಂತ ಒಬ್ಬ ಕಲಾವಿದ ಹೇಳಿದ್ರೆ ತಪ್ಪೇನು ಅನ್ಸುತ್ತೆ. ತಪ್ಪಿಲ್ಲ. ಆದರೆ ಹಾಗೆ ದೂರ ಇದ್ರೆ ಉಳಿಯಬಹುದಾ ಅನ್ನೋದು ಬೇರೆ ಪ್ರಶ್ನೆ.

ದೂರ ಇದ್ದವರೂ ತಪ್ಪಿಸಿಕೊಂಡಿಲ್ಲ

ಇದಕ್ಕೆ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ನಟ ಅಜಿತ್ ಕುಮಾರ್. 2011ರಲ್ಲಿ ತಮ್ಮ ಅಭಿಮಾನಿ ಸಂಘಗಳನ್ನೆಲ್ಲ ವಿಸರ್ಜಿಸಿಬಿಟ್ರು. ಸೋಶಿಯಲ್ ಮೀಡಿಯಾದಿಂದ ದೂರಾನೇ ಉಳಿದ್ರು, ಹೇಳಬೇಕಾದ್ದನ್ನ ಮ್ಯಾನೇಜರ್ ಮೂಲಕ ಹೇಳಿಸಿದ್ರು. ಜಗಳ ನಿಂತಿತಾ? ಇಲ್ಲ. 2019ರ ಜುಲೈನಲ್ಲಿ, ಬದುಕಿ ಓಡಾಡ್ತಿರೋ ವಿಜಯ್ ಅವರಿಗೆ ಶ್ರದ್ಧಾಂಜಲಿ ಹೇಳೋ ಹ್ಯಾಶ್‌ಟ್ಯಾಗ್ ಒಂದು ಟ್ವಿಟರ್‌ನಲ್ಲಿ ದೇಶಕ್ಕೆಲ್ಲ ಕಾಣೋ ಹಾಗೆ ಓಡಿತು. ಅದು ಅಜಿತ್ ಹೆಸರು ಹೇಳ್ಕೊಳ್ಳೋ ಅಭಿಮಾನಿಗಳ ಕೆಲಸ. ಖಾತೆ ಇಲ್ಲದ ಮನುಷ್ಯನ ಹೆಸರಲ್ಲಿ ಇಷ್ಟೆಲ್ಲ ಆಯ್ತು.

2024ರ ಡಿಸೆಂಬರ್‌ನಲ್ಲಿ ಅವರು ಒಂದು ಹೇಳಿಕೆ ಹೊರಡಿಸಿ, ಹೋದಲ್ಲಿ ಬಂದಲ್ಲಿ ತಮ್ಮನ್ನ ದೇವರು ಅಂತ ಕೂಗೋದು ಮನಸ್ಸಿಗೆ ಕಷ್ಟ ಆಗುತ್ತೆ, ನಿಲ್ಲಿಸಿ ಅಂತ ಕೇಳ್ಕೊಂಡ್ರು. ಮುಂದಿನ ತಿಂಗಳು ದುಬೈ ಕಾರ್ ರೇಸ್ ಮುಗಿಸಿ ಸಂದರ್ಶನ ಕೊಟ್ಟಾಗ, ಅಜಿತ್‌ಗೆ ಜೈ ವಿಜಯ್‌ಗೆ ಜೈ ಅಂತೀರಲ್ಲ, ನೀವು ಯಾವಾಗ ಬದುಕ್ತೀರಿ ಅನ್ನೋ ಅರ್ಥದ ಮಾತು ಹೇಳಿದ್ರು. ಆ ಮಾತು ತಮಿಳು ಅಭಿಮಾನಿಗೆ ಎಷ್ಟೋ, ಕನ್ನಡದ ಅಭಿಮಾನಿಗೂ ಅಷ್ಟೇ. ನಮ್ಮ ಹುಡುಗರಲ್ಲಿ ಇಬ್ಬರ ಅಭಿಮಾನಿಗಳೂ ಇದ್ದೀರಿ. ದಯವಿಟ್ಟು ಆ ಪ್ರಶ್ನೆಯನ್ನ ಒಂದು ಸಲ ನಿಮಗೇ ಕೇಳ್ಕೊಳ್ಳಿ.

ಅಂದ್ರೆ ಲೆಕ್ಕ ಏನು? ಕಲಾವಿದ ಬಂದ್ರೂ ಬರದಿದ್ರೂ ಅವನ ಹೆಸರು ಅಲ್ಲಿ ಇದ್ದೇ ಇರುತ್ತೆ. ಬಂದ್ರೆ ಅವನ ದನಿಯೂ ಇರುತ್ತೆ. ಬರದಿದ್ರೆ ಅವನ ಹೆಸರಲ್ಲಿ ಬೇರೆಯವರ ದನಿ ಮಾತ್ರ ಇರುತ್ತೆ.

ಇದ್ದದ್ದರಿಂದ ಸಿಕ್ಕಿದ್ದು ಏನು

2022ರ ಏಪ್ರಿಲ್ 27. ಹಿಂದಿ ರಾಷ್ಟ್ರಭಾಷೆ ಅಲ್ಲ ಅಂತ ಸುದೀಪ್ ಆಡಿದ ಮಾತಿಗೆ ಅಜಯ್ ದೇವಗನ್ ಹಿಂದಿಯಲ್ಲಿ ಟ್ವೀಟ್ ಮಾಡಿ ಕೇಳಿದ್ರು. ಸುದೀಪ್ ಬೈಲಿಲ್ಲ. ನೀವು ಹಿಂದಿಯಲ್ಲಿ ಬರೆದದ್ದು ನನಗೆ ಅರ್ಥ ಆಯ್ತು, ಯಾಕಂದ್ರೆ ನಾವು ಆ ಭಾಷೆಯನ್ನ ಗೌರವಿಸಿ ಕಲಿತಿದ್ದೀವಿ, ನಾನು ಕನ್ನಡದಲ್ಲಿ ಉತ್ತರ ಬರೆದಿದ್ರೆ ಏನಾಗ್ತಿತ್ತು ಅನ್ನೋ ಅರ್ಥದಲ್ಲಿ ಕೇಳಿದ್ರು. ಅಷ್ಟೇ. ಒಂದು ಸಂಜೆಯಲ್ಲಿ ದೇಶಪೂರ್ತಿ ಆ ವಿಷಯ ಚರ್ಚೆ ಆಯ್ತು. ತಮಿಳರೂ ಸುದೀಪ್ ಪರ ನಿಂತ್ರು. ಎಷ್ಟೋ ಭಾಷಣಗಳು ಮಾಡದ ಕೆಲಸವನ್ನ ಒಂದು ಸಭ್ಯ ಪ್ರಶ್ನೆ ಮಾಡಿತು. ಆ ದಿನ ಸುದೀಪ್‌ಗೆ ಖಾತೆ ಇಲ್ಲದಿದ್ರೆ, ಅವರ ಪರವಾಗಿ ಯಾರೋ ಬೈಗುಳದಲ್ಲಿ ಉತ್ತರ ಕೊಡ್ತಿದ್ರು, ಮಾತು ಅಲ್ಲೇ ಕೆಡ್ತಿತ್ತು.

ಇನ್ನು ನಮ್ಮ ನೆಲದ ಮಗಳು ಸಾಯಿ ಪಲ್ಲವಿ. ಹುಟ್ಟಿದ್ದು ಕೋತಗಿರಿ, ಬೆಳೆದದ್ದು ಕೊಯಮತ್ತೂರು, ಮನೆಮಾತು ಬಡಗ. ಬಡಗ ಮಾತು ಕನ್ನಡಕ್ಕೆ ಎಷ್ಟು ಹತ್ತಿರ ಅಂತ ಮೇಟ್ಟುಪಾಳಯಂ ಸಂತೆಗೆ ಹೋಗೋ ನಮ್ಮವರಿಗೆಲ್ಲ ಗೊತ್ತು. ಬಡಗರು ಅದನ್ನ ತಮ್ಮದೇ ಬೇರೆ ಭಾಷೆ ಅಂತಾರೆ, ಅದು ಅವರ ಹಕ್ಕು, ನಾವೂ ಗೌರವಿಸ್ತೀವಿ. 2022ರ ಜೂನ್‌ನಲ್ಲಿ 'ವಿರಾಟ ಪರ್ವಂ' ಸಮಯದಲ್ಲಿ ಒಂದು ಸಂದರ್ಶನದ ಮಾತನ್ನ ಕತ್ತರಿಸಿ ಹಾಕಿ ಅವರ ಮೇಲೆ ದಾಳಿ ಮಾಡಿದ್ರು. ಅವರು ತಾವೇ ಒಂದು ವಿಡಿಯೋದಲ್ಲಿ ಕೂತು, ಯಾವುದೇ ಹಿಂಸೆ ತಪ್ಪು ಅಂತ ಹೇಳಿದ್ದು ತಾನು ಅಂತ ಶಾಂತವಾಗಿ ವಿವರಿಸಿದ್ರು. 2024ರ ಡಿಸೆಂಬರ್‌ನಲ್ಲಿ ಊಟದ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸಿದಾಗ, ಇಷ್ಟು ದಿನ ಸುಮ್ಮನಿದ್ದೆ, ಇನ್ನು ಮುಂದೆ ಕಾನೂನು ಕ್ರಮ ಅಂತ ಸ್ವಂತ ಖಾತೆಯಲ್ಲೇ ಬರೆದ್ರು. ಅದೇ ವರ್ಷ ತಂಗಿಯ ಮದುವೆಯಲ್ಲಿ ಅವರು ಕುಣಿದ ಬಡಗರ ಕುಣಿತದ ವಿಡಿಯೋ ಎಲ್ಲರ ಫೋನಿಗೂ ಬಂತು. ನೀಲಗಿರಿಯ ಒಂದು ಸಣ್ಣ ಸಮುದಾಯದ ಕುಣಿತವನ್ನ ಹೊರಗಿನವರೂ ನೋಡಿದ್ರು.

ಆನೈಕಟ್ಟಿ ದಾಟಿದ್ರೆ ಅಟ್ಟಪ್ಪಾಡಿ. ಅಲ್ಲಿನ ಇರುಳ ಸಮುದಾಯದ ನಂಜಿಯಮ್ಮ 2020ರ 'ಅಯ್ಯಪ್ಪನುಂ ಕೋಶಿಯುಂ' ಸಿನಿಮಾಕ್ಕೆ ತಮ್ಮ ಮಾತಿನಲ್ಲೇ ಹಾಡಿದ್ರು. ಯೂಟ್ಯೂಬ್‌ನಲ್ಲಿ ಅದು ಕೇರಳ ದಾಟಿ ಹೋಯ್ತು. 2022ರ ಜುಲೈನಲ್ಲಿ ರಾಷ್ಟ್ರ ಪ್ರಶಸ್ತಿ ಬಂತು. ತಕ್ಷಣ, ಸಂಗೀತ ಕಲಿಯದವರಿಗೆ ಈ ಪ್ರಶಸ್ತಿ ಯಾಕೆ ಅಂತ ಸಂಗೀತದವರೇ ಒಬ್ಬರು ವಿಡಿಯೋ ಹಾಕಿದ್ರು, ವಾದ ಎದ್ದಿತು. ಆದರೆ ಗಮನಿಸಿ, ಆ ಸಲ ಉತ್ತರ ಕೊಟ್ಟದ್ದು ನಂಜಿಯಮ್ಮ ಒಬ್ಬರೇ ಅಲ್ಲ. ಬೇರೆ ಗಾಯಕರು, ಸಂಗೀತ ನಿರ್ದೇಶಕರು, ಸಾಮಾನ್ಯ ಕೇಳುಗರು ಮುಂದೆ ಬಂದು ಅವರ ಪರ ನಿಂತ್ರು. ಮೇಲೆ ಹೇಳಿದ ಅಜ್ಜಿಗೂ ನಂಜಿಯಮ್ಮನಿಗೂ ಇರೋ ವ್ಯತ್ಯಾಸ ಹಾಡಿನದ್ದಲ್ಲ. ಒಬ್ಬರ ಹಿಂದೆ ಜನ ನಿಂತ್ರು, ಇನ್ನೊಬ್ಬರ ಹಿಂದೆ ನಾವು ನಿಲ್ಲಲಿಲ್ಲ.

ನಷ್ಟವೂ ನಿಜ, ಅದನ್ನ ಮುಚ್ಚಿಡಲ್ಲ

"ಕಾಮೆಂಟ್ ತಾನೇ, ಓದಬೇಡಿ ಬಿಡಿ" ಅನ್ನೋರಿದ್ದಾರೆ. ಅದು ಅಷ್ಟು ಸುಲಭ ಅಲ್ಲ.

2025ರ ಜುಲೈನಲ್ಲಿ ನಟಿ ರಮ್ಯಾ ಅವರು ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ನ್ಯಾಯ ಸಿಗಲಿ ಅನ್ನೋ ಅರ್ಥದ ಪೋಸ್ಟ್ ಹಾಕಿದ್ರು. ಪ್ರಕರಣದ ಆರೋಪಿಗಳಲ್ಲಿ ನಟ ದರ್ಶನ್ ಒಬ್ಬರು, ವಿಚಾರಣೆ ಕೋರ್ಟ್‌ನಲ್ಲಿದೆ, ಅದರ ತೀರ್ಪು ನಮ್ಮ ಕೆಲಸ ಅಲ್ಲ. ಆದರೆ ಆ ಪೋಸ್ಟ್‌ಗೆ ದರ್ಶನ್ ಅಭಿಮಾನಿಗಳು ಅಂತ ಹೇಳ್ಕೊಂಡವರಿಂದ ರಮ್ಯಾಗೆ ಬಂದದ್ದು ಅಶ್ಲೀಲ ಮೆಸೇಜ್, ಅತ್ಯಾಚಾರದ ಬೆದರಿಕೆ, ಕೊಲೆ ಬೆದರಿಕೆ. ಜುಲೈ 28ರಂದು ಅವರು ಬೆಂಗಳೂರು ಪೊಲೀಸ್ ಕಮಿಷನರ್‌ಗೆ 43 ಖಾತೆಗಳ ಮೇಲೆ ದೂರು ಕೊಟ್ರು. ಬಂಧನಗಳೂ ಆದವು. ಶಿವರಾಜ್‌ಕುಮಾರ್ ಅವರು ರಮ್ಯಾ ಪರವಾಗಿ ಬಹಿರಂಗವಾಗಿ ಬರೆದ್ರು. ಎರಡು ತಿಂಗಳ ಹಿಂದೆ ತಾವೇ ಬೈಸಿಕೊಂಡಿದ್ದ ಶಿವಣ್ಣ ಅನ್ನೋದನ್ನ ಇಲ್ಲಿ ನೆನಪಿಡಿ.

ಈ ಕೊಲೆ ಪ್ರಕರಣದ ಮೂಲವೂ ಇನ್‌ಸ್ಟಾಗ್ರಾಂನಲ್ಲೇ ಇದೆ ಅನ್ನೋದನ್ನೂ ಮರೀಬಾರದು. ಚಿತ್ರದುರ್ಗದ ಒಬ್ಬ ಸಾಮಾನ್ಯ ಅಭಿಮಾನಿ ನಟನ ಗೆಳತಿಗೆ ಅಶ್ಲೀಲ ಮೆಸೇಜ್ ಕಳಿಸಿದ, ಅದಕ್ಕಾಗಿ ಅವನನ್ನ ಕರ್ಕೊಂಡು ಹೋಗಿ ಕೊಂದ್ರು ಅನ್ನೋದು ಪೊಲೀಸರ ಆರೋಪ. 2024ರ ಜೂನ್‌ನಲ್ಲಿ ಅವನ ಹೆಣ ಬೆಂಗಳೂರಲ್ಲಿ ಸಿಕ್ಕಿತು. ಅವನ ಹೆಂಡತಿ ಆಗ ಗರ್ಭಿಣಿ. ಅಭಿಮಾನ ಅನ್ನೋ ಹೆಸರಲ್ಲಿ ಫೋನಲ್ಲಿ ಟೈಪ್ ಮಾಡೋದು ಎಲ್ಲಿಗೆ ಹೋಗಿ ನಿಲ್ಲಬಹುದು ಅಂತ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ತಮಿಳುನಾಡಿನಲ್ಲೂ ಇದು ಹೊಸದಲ್ಲ. ಗಾಯಕಿ ಚಿನ್ಮಯಿ 2012ರ ಅಕ್ಟೋಬರ್‌ನಲ್ಲೇ, ಟ್ವಿಟರ್‌ನಲ್ಲಿ ಬಂದ ಅಸಭ್ಯ ಬರಹಗಳ ಮೇಲೆ ಚೆನ್ನೈ ಪೊಲೀಸರಿಗೆ ದೂರು ಕೊಟ್ಟಿದ್ರು, ಬಂಧನ ಆಗಿತ್ತು.

ಇನ್ನು ನಮ್ಮ ಕೊಂಗುನಾಡಿನದ್ದೇ ಕಥೆ, ಪೆರುಮಾಳ್ ಮುರುಗನ್. ತಿರುಚೆಂಗೋಡು ಸೀಮೆಯ ಬದುಕು ಬರೆದ ಲೇಖಕ. 'ಮಾದೊರುಬಾಗನ್' ಕಾದಂಬರಿಯ ಮೇಲೆ ಎದ್ದ ವಿರೋಧ ತಾಳಲಾರದೆ, ಲೇಖಕ ಪೆರುಮಾಳ್ ಮುರುಗನ್ ಸತ್ತುಹೋದ ಅಂತ 2015ರ ಜನವರಿಯಲ್ಲಿ ತಮ್ಮ ಫೇಸ್‌ಬುಕ್ ಪುಟದಲ್ಲೇ ಘೋಷಿಸಿದ್ರು. ಅಲ್ಲಿಂದ ಒಂದೂವರೆ ವರ್ಷ ಅವರ ಹೊಸ ಪುಸ್ತಕ ಇಲ್ಲ. 2016ರ ಜುಲೈ 5ರಂದು ಮದ್ರಾಸ್ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟು, ಲೇಖಕ ಮತ್ತೆ ಎದ್ದು ಬಂದು ಬರೆಯಲಿ ಅಂತ ಹೇಳಿದ ಮೇಲೆ ಅವರು ಮರಳಿ ಬಂದ್ರು. ಅದು ಅಭಿಮಾನಿಗಳ ಜಗಳ ಅಲ್ಲ, ನಿಜ. ಆದರೆ ಒಂದು ಗುಂಪು ಒಬ್ಬ ಮನುಷ್ಯನ ಮೇಲೆ ಬಿದ್ದಾಗ ಅವನ ಕೈ ಹೇಗೆ ಕಟ್ಟಿಹೋಗುತ್ತೆ ಅನ್ನೋದಕ್ಕೆ ನಮ್ಮ ಪಕ್ಕದ ಸಾಕ್ಷಿ. ಹೆಸರಿದ್ದ ಲೇಖಕನ ಪಾಡು ಇದಾದ್ರೆ, ಓದು ಬಾರದ ಅಜ್ಜಿಯ ಮನೆಯವರ ಪಾಡೇನು?

ಹಾಗಾಗಿ, ಬರಲ್ಲ ಅನ್ನೋ ಕಲಾವಿದರನ್ನ ಹೇಡಿ ಅಂತ ಕರೆಯೋ ಹಕ್ಕು ಯಾರಿಗೂ ಇಲ್ಲ. ಬಾ ಅನ್ನೋದು ನಮ್ಮ ಆಸೆ. ಬರೋದು ಬಿಡೋದು ಅವರ ಇಷ್ಟ.

ಆದರೂ ಬರಬೇಕು ಅಂತ ಯಾಕೆ ಕೇಳ್ತೀವಿ

ದೊಡ್ಡ ನಟರಿಗೆ ಸೋಶಿಯಲ್ ಮೀಡಿಯಾ ಇಲ್ಲದಿದ್ರೆ ಸಿನಿಮಾ ಇದೆ, ಟಿವಿ ಇದೆ, ಪತ್ರಿಕೆ ಇದೆ. ಸಾಯಿ ಪಲ್ಲವಿ ನಾಳೆ ಖಾತೆ ಮುಚ್ಚಿದ್ರೂ ಅವರ ಮುಖ ಪರದೆ ಮೇಲೆ ಬರುತ್ತೆ. ನಮ್ಮ ಅಜ್ಜಿಗೆ ಏನಿದೆ?

ಅನ್ನೂರು, ಕಾರಮಡೈ, ಪೊಳ್ಳಾಚಿ, ಉಡುಮಲೈ ಕಡೆಯ ಒಕ್ಕಲಿಗ ಗೌಡರು, ಕುರುಬ ಗೌಡರು, ಸಿರುಮುಗೈಯಿಂದ ಕೊಯಮತ್ತೂರು ಪೇಟೆವರೆಗಿನ ದೇವಾಂಗರು, ಇಷ್ಟು ಮನೆಗಳಲ್ಲಿ ಕನ್ನಡ ಇದೆ. ಆದರೆ ಎಷ್ಟೋ ಮನೆಗಳಲ್ಲಿ ಕನ್ನಡ ಅಂದ್ರೆ ಬರೀ ಬಾಯಿಮಾತು. ಓದಿದ್ದು ತಮಿಳು, ಬರೆಯೋದು ತಮಿಳು. ಈ ಬರಹವನ್ನ ಓದೋಕೆ ಕಷ್ಟಪಡೋ ಹುಡುಗರು ನಮ್ಮಲ್ಲೇ ಇದ್ದಾರೆ, ಪಕ್ಕದವರು ಓದಿ ಹೇಳ್ತಾರೆ ಅಂತ ನಮಗೆ ಗೊತ್ತು. ಬರಹ ಇಲ್ಲದ ಭಾಷೆ ದನಿಯಲ್ಲಿ ಮಾತ್ರ ಉಳಿಯುತ್ತೆ. ಆ ದನಿ ಇರೋದು ಎಪ್ಪತ್ತು ಎಂಬತ್ತು ದಾಟಿದವರ ಗಂಟಲಲ್ಲಿ. ಇವತ್ತು ಅದನ್ನ ಕೇಳಿಸೋಕೆ ದುಡ್ಡಿಲ್ಲದೆ ಸಿಗೋ ವೇದಿಕೆ ಅಂದ್ರೆ ಫೋನ್ ಒಂದೇ.

ನಮ್ಮಲ್ಲಿ ಬ್ಯಾಂಕ್ ಕೆಲಸ ಮಾಡೋರಿದ್ದೀವಿ, ಅದಕ್ಕೆ ಲೆಕ್ಕದ ಭಾಷೆಯಲ್ಲೇ ಹೇಳ್ತೀವಿ. ಹತ್ತು ವರ್ಷ ಯಾವ ವಹಿವಾಟೂ ನಡೆಯದ ಖಾತೆಯ ಹಣ ಬ್ಯಾಂಕಲ್ಲಿ ಉಳಿಯಲ್ಲ, ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ. ಆದರೂ ವಾರಸುದಾರರು ದಾಖಲೆ ತಂದ್ರೆ ವಾಪಸ್ ಪಡೀಬಹುದು. ಅಜ್ಜಿಯ ಪದಕ್ಕೆ ಅಂಥ ನಿಧಿ ಇಲ್ಲ. ಅವರ ಜೊತೆ ಹೋದ್ರೆ ಹೋಯ್ತು, ಯಾವ ದಾಖಲೆ ತಂದ್ರೂ ವಾಪಸ್ ಬರಲ್ಲ.

ನಮ್ಮವರ ಬೈಗುಳವೇ ಜಾಸ್ತಿ ನೋಯಿಸುತ್ತೆ

ಒಂದು ವಿಷಯ ಬಿಚ್ಚಿ ಹೇಳಬೇಕು. "ಕರ್ನಾಟಕಕ್ಕೆ ಹೋಗು" ಅನ್ನೋ ಮಾತಿಗೆ ನಮಗೆ ಉತ್ತರ ಗೊತ್ತಿದೆ. ತಲೆತಲಾಂತರದಿಂದ ಇಲ್ಲೇ ನೇಯ್ದವರು, ಇಲ್ಲೇ ಉತ್ತವರು ನಾವು, ಇದು ನಮ್ಮ ನೆಲವೂ ಹೌದು ಅಂತ ಹೇಳ್ತೀವಿ. ತಮಿಳು ಗೆಳೆಯರಲ್ಲಿ ಹೆಚ್ಚಿನವರು ಅದನ್ನ ಒಪ್ಪಿಕೊಂಡೇ ನಮ್ಮ ಜೊತೆ ಬದುಕ್ತಿದ್ದಾರೆ. ಆ ಅಜ್ಜಿಯ ವಿಡಿಯೋದ ಕೆಳಗೂ "ಪಾಟ್ಟಿ, ಸೂಪರ್" ಅಂತ ಬರೆದ ತಮಿಳರಿದ್ರು.

ಆದರೆ "ಇದು ಕನ್ನಡಾನಾ?" ಅನ್ನೋ ಮಾತಿಗೆ ಆ ಮೊಮ್ಮಗನ ಹತ್ರ ಉತ್ತರ ಇರಲಿಲ್ಲ. ಅದೇ ಅವನನ್ನ ಮುರಿದದ್ದು. ನಮ್ಮ ಮಾತಲ್ಲಿ 'ಆಮಾ' ಬರುತ್ತೆ, 'ಅಪ್ಪುರಂ' ಬರುತ್ತೆ. ಬೆಂಗಳೂರಿನ ಮಾತಲ್ಲಿ 'ಆಕ್ಚುವಲಿ', 'ಬೇಸಿಕಲಿ' ಬರೋ ಹಾಗೆ. ಇಂಗ್ಲಿಷ್ ಬೆರೆತ್ರೆ ಸ್ಟೈಲು, ತಮಿಳು ಬೆರೆತ್ರೆ ಕೆಟ್ಟ ಕನ್ನಡ, ಇದು ಯಾವ ನ್ಯಾಯ? ಕರ್ನಾಟಕದ ಗೆಳೆಯರೇ, ನೀವು ಓದ್ತಿದ್ರೆ ಕೇಳಿ: ಶಾಲೆಯ ಆಸರೆ ಇಲ್ಲದೆ, ಸರ್ಕಾರದ ಆಸರೆ ಇಲ್ಲದೆ ಇಷ್ಟು ಕಾಲ ಉಳಿಸಿಕೊಂಡ ಕನ್ನಡ ಇದು. ಅದನ್ನ ತಿದ್ದೋಕೆ ಮೊದಲು ಒಂದು ಸಲ ಪೂರ್ತಿ ಕೇಳಿ.

ಹಾಗಾದ್ರೆ ನಾವೇನು ಮಾಡೋಣ

ಕಲಾವಿದರು ಬರಲಿ ಅಂದ ಮೇಲೆ ಜವಾಬ್ದಾರಿ ನಮ್ಮದು. ನಮಗೆ ತೋಚಿದ್ದು ಇಷ್ಟು.

1. ಊರಿಗೆ ಇಬ್ಬರು ಹುಡುಗರು ಅಥವಾ ಹುಡುಗಿಯರು ಒಬ್ಬ ಕಲಾವಿದರ ಪುಟ ನೋಡಿಕೊಳ್ಳಲಿ. ಅಜ್ಜಿ ಹಾಡಲಿ, ಕಾಮೆಂಟ್ ಓದೋ ಕೆಲಸ ಅವರದ್ದಲ್ಲ. ಪಾಸ್‌ವರ್ಡ್ ಯಾರಿಗೂ ಕೊಡಬೇಕಿಲ್ಲ. ಫೇಸ್‌ಬುಕ್ ಪುಟದಲ್ಲಿ, ಯೂಟ್ಯೂಬ್ ಚಾನೆಲ್‌ನಲ್ಲಿ ಬೇರೆಯವರಿಗೆ ಅನುಮತಿ ಕೊಡೋ ವ್ಯವಸ್ಥೆ ಇದೆ. ಒಟಿಪಿ ಯಾರು ಕೇಳಿದ್ರೂ ಕೊಡಬೇಡಿ ಅಂತ ಬ್ಯಾಂಕಲ್ಲಿ ದಿನಾ ಹೇಳೋದನ್ನ ಇಲ್ಲೂ ಹೇಳ್ತೀವಿ.

2. ಸೆಟ್ಟಿಂಗ್ಸ್‌ನಲ್ಲಿ ಕೆಟ್ಟ ಪದಗಳನ್ನ ತಡೆಯೋ ಪಟ್ಟಿ ಇದೆ. ನಮ್ಮ ಕಡೆ ಬೈಗುಳ ಬರೋದು ಕನ್ನಡ, ತಮಿಳು, ಇಂಗ್ಲಿಷ್ ಅಕ್ಷರದ ಕನ್ನಡ, ಇಂಗ್ಲಿಷ್ ಅಕ್ಷರದ ತಮಿಳು, ಹೀಗೆ ನಾಲ್ಕು ರೂಪದಲ್ಲಿ. ನಾಲ್ಕನ್ನೂ ಕೈಯಾರೆ ಸೇರಿಸಬೇಕು. ಅರ್ಧ ಗಂಟೆ ಕೆಲಸ, ಆಮೇಲೆ ಮುಕ್ಕಾಲು ಪಾಲು ಕೊಳಕು ಕಣ್ಣಿಗೇ ಬೀಳಲ್ಲ.

3. ಬೆದರಿಕೆ ಬಂದ್ರೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ, ಖಾತೆಯ ಲಿಂಕ್ ಜೊತೆ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಜಿಲ್ಲೆಯ ಸೈಬರ್ ಠಾಣೆಗೂ ಹೋಗಬಹುದು. ರಮ್ಯಾ ದೂರು ಗಟ್ಟಿಯಾಗಿ ನಿಂತದ್ದು ಖಾತೆಗಳ ಪಟ್ಟಿ ಕೈಯಲ್ಲಿದ್ದದ್ದರಿಂದ.

4. ಮೊದಲ ಹತ್ತು ಕಾಮೆಂಟ್ ನಮ್ಮದಾಗಿರಲಿ. ಕೆಳಗೆ ಬರೋರು ಮೇಲೆ ಇರೋದನ್ನ ನೋಡಿ ಬರೀತಾರೆ. ಬರೀ "ಸೂಪರ್" ಸಾಲದು. ಈ ಪದ ನಮ್ಮ ಊರಲ್ಲೂ ಹಾಡ್ತಾರೆ, ಈ ಸಾಲು ನಮ್ಮಲ್ಲಿ ಬೇರೆ ಥರ ಇದೆ ಅಂತ ಬರೀರಿ. ಅದು ಅಜ್ಜಿಗೆ ಓದಿ ಹೇಳೋ ಹಾಗಿರಬೇಕು.

5. ಬೈದವರಿಗೆ ಬೈದು ಉತ್ತರ ಕೊಡಬೇಡಿ. ಒಂದು ಬೈಗುಳಕ್ಕೆ ನೀವು ಕೊಟ್ಟ ಹತ್ತು ಉತ್ತರ ಆ ಬೈಗುಳವನ್ನೇ ಮೇಲೆ ತರುತ್ತೆ. ಒಂದು ಸಲ, ಸುದೀಪ್ ಕೇಳಿದ ಹಾಗೆ ಒಂದು ಒಳ್ಳೆ ಪ್ರಶ್ನೆ ಕೇಳಿ. ಇಲ್ಲದಿದ್ರೆ ಬ್ಲಾಕ್ ಮಾಡಿ ಮುಂದೆ ಹೋಗಿ.

ಕೊನೆಗೆ, ಬಾಸ್ ಫೋಟೋ ಹಾಕ್ಕೊಂಡ ತಮ್ಮಂದಿರಿಗೆ

ಕೋಪ ಮಾಡ್ಕೋಬೇಡಿ. ನಾವೂ ಒಂದು ಕಾಲದಲ್ಲಿ ಮೊದಲ ದಿನ ಮೊದಲ ಶೋಗೆ ಸಾಲಲ್ಲಿ ನಿಂತವರೇ. ಅಭಿಮಾನ ತಪ್ಪಲ್ಲ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದ ಮೇಲೆ ಎಷ್ಟೋ ಅಭಿಮಾನಿಗಳು ಅವರ ಹಾಗೇ ಕಣ್ಣು ದಾನಕ್ಕೆ ಹೆಸರು ಬರೆಸಿದ್ರು. ಅದೂ ಅಭಿಮಾನವೇ. ಒಬ್ಬ ಹೆಣ್ಣುಮಗಳ ಇನ್‌ಬಾಕ್ಸ್‌ಗೆ ಅಶ್ಲೀಲ ಮೆಸೇಜ್ ಕಳಿಸೋದೂ ಅದೇ ಹೆಸರಲ್ಲಿ ನಡೆಯುತ್ತೆ. ಯಾವುದು ನಿಮ್ಮ ಹೀರೋಗೆ ಗೌರವ ಅಂತ ನೀವೇ ಹೇಳಿ.

ಲೆಕ್ಕ ಬೇಕಾ? ಅಶ್ಲೀಲ ಬರಹವನ್ನ ಆನ್‌ಲೈನ್‌ನಲ್ಲಿ ಹರಡಿದ್ರೆ ಐಟಿ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಸರ್ಕಾರಿ ಕೆಲಸ, ಬ್ಯಾಂಕ್ ಕೆಲಸ ಸಿಕ್ಕಾಗ ಪೊಲೀಸ್ ವೆರಿಫಿಕೇಶನ್ ಇರುತ್ತೆ. ಪಾಸ್‌ಪೋರ್ಟ್‌ಗೂ ಇರುತ್ತೆ. ನಿಮ್ಮ ಹೀರೋಗೆ ವಕೀಲರಿದ್ದಾರೆ. ನಿಮಗಾಗಿ ಠಾಣೆ ಮುಂದೆ ನಿಲ್ಲೋರು ನಿಮ್ಮ ಅಪ್ಪ, ಆ ದಿನದ ಕೂಲಿ ಬಿಟ್ಟು.

ಇನ್ನೊಂದು ಮಾತು. ಸೋಬಾನೆಯ ಕೆಳಗೆ ಬೈದವರಲ್ಲಿ ಹೊರಗಿನವರು ಮಾತ್ರ ಇರಲಿಲ್ಲ. ನಮ್ಮ ತಾಲ್ಲೂಕಿನ ಹುಡುಗರೂ ಇದ್ರು. ಆ ಅಜ್ಜಿ ಹಾಡಿದ್ದನ್ನ ತಮ್ಮ ಅಕ್ಕನ ಮದುವೆಯಲ್ಲಿ ಕೇಳಿ ಬೆಳೆದವರು. ಹೀರೋಗಳ ಜಗಳದ ಬಿಸಿಯಲ್ಲಿ ಯಾರ ವಿಡಿಯೋದ ಕೆಳಗೆ ಬರೀತಿದ್ದೀವಿ ಅಂತಾನೇ ಅವರು ನೋಡಿರಲಿಲ್ಲ. ಅವರಲ್ಲಿ ಒಬ್ಬ ಆಮೇಲೆ ನಮಗೆ ಫೋನ್ ಮಾಡಿ, "ಅಣ್ಣಾ, ಅದು ನಮ್ಮ ಅಜ್ಜಿ ಅಂತ ಗೊತ್ತಾಗಲಿಲ್ಲ" ಅಂದ. ನಾವು ಅವನಿಗೆ ಹೇಳಿದ್ದು ಇಷ್ಟೇ: ಬೇರೆ ಯಾರದ್ದೋ ಅಜ್ಜಿ ಆಗಿದ್ರೆ ಸರಿ ಆಗ್ತಿತ್ತಾ?

ಆ ಮೊಮ್ಮಗನ ಜೊತೆ ಮಾತಾಡಿದ್ದೀವಿ. ಪದ ತೆಗೆದದ್ದು ಯಾಕೆ ಅಂತ ಅವನು ಅಜ್ಜಿಗೆ ಇನ್ನೂ ಹೇಳಿಲ್ಲ. ಒಪ್ಪಿಗೆ ಕೇಳಿದ್ದಾನೆ, ಅಜ್ಜಿ "ಆಗಲಿ" ಅಂದಿದ್ದಾರೆ. ಮುಂದಿನ ಭಾನುವಾರ ಮತ್ತೆ ಹಾಕ್ತಾನಂತೆ, ಈ ಸಲ ಎರಡು ಪದ. ಪುಟ ನೋಡಿಕೊಳ್ಳೋಕೆ ಊರಿನ ಇಬ್ಬರು ಒಪ್ಪಿದ್ದಾರೆ, ಅವರಲ್ಲಿ ಒಬ್ಬ ಮೇಲೆ ಹೇಳಿದ ಆ ಫೋನ್ ಮಾಡಿದ ಹುಡುಗನೇ.

ಮೊದಲ ಹತ್ತು ಕಾಮೆಂಟ್ ಬೇಕು. ನೀವು ಬರ್ತೀರಲ್ಲ?